ಅಳಿಸಿದ ಮೇಲೆ ಓಡಿದ ದೂರ

ಇದರಲ್ಲಿ ಕೆಲವು ಸಂಗತಿಗಳು ತಪ್ಪಿರಬಹುದು. ಥರ್ಮಾಮೀಟರನ್ನು ಕೊಡವಿದ್ದು ಅಣ್ಣ ಎಂದೇ ಇಷ್ಟು ವರ್ಷ ನಂಬಿದ್ದೇನೆ, ನಾನೇ ಕೊಡವಿರಲೂಬಹುದು. ಆ ಭಾನುವಾರ, ಕೊಲ್ಲಿ ದೇಶದ ಈ ಹಮದ್ ಟೌನಿನ ಯಾವ ರೌಂಡಬೌಟಿನ ಹತ್ತಿರ ಕಾರಿನ ಕಿತ್ತಳೆ ದೀಪ ಹತ್ತಿತು ಎಂಬುದನ್ನೂ ಒಂದೊಂದು ಸಲ ಒಂದೊಂದು ಥರ ಹೇಳಿದ್ದೇನೆ. ಪೊಲೀಸರ ಮುಂದೆ ಒಂಬತ್ತನೆಯದು ಎಂದೆ. ಡೈರಿಯಲ್ಲಿ ಏಳನೆಯದು ಎಂದು ಬರೆದಿದ್ದೇನೆ, ಅದೂ ನಾಲ್ಕು ದಿನ ಬಿಟ್ಟು ಬರೆದದ್ದು. ನಾನು ಶಾಲೆಯಲ್ಲಿ ಇತಿಹಾಸ ಪಾಠ ಮಾಡುವವಳು. ಕಂಡವರು ಕಂಡ ಕೂಡಲೇ ಬರೆದದ್ದಕ್ಕೆ ಒಂದು ಬೆಲೆ, ಕೇಳಿದವರು ಆಮೇಲೆ ಬರೆದದ್ದಕ್ಕೆ ಇನ್ನೊಂದು ಬೆಲೆ ಎಂದು ಏಳನೇ ತರಗತಿಯ ಮಕ್ಕಳಿಗೆ ವರ್ಷವರ್ಷವೂ ಹೇಳುತ್ತೇನೆ. ಆ ತಕ್ಕಡಿಗೆ ನನ್ನ ಮಾತನ್ನೇ ಹಾಕಿದರೆ ಹೆಚ್ಚೇನೂ ತೂಗುವುದಿಲ್ಲ.

ಮೊನ್ನೆ ಅಡುಗೆಮನೆಯ ಡ್ರಾಯರಿನಲ್ಲಿ ಕತ್ತರಿ ಹುಡುಕುವಾಗ ಸ್ಕ್ಯಾನರ್ ಸಿಕ್ಕಿತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಒಂದು ಬದಿಯಲ್ಲಿ ಎರಡು ಸಾಲು ಹಲ್ಲು. ಕಾರಿನ ಸ್ಟಿಯರಿಂಗ್ ಕೆಳಗೆ, ಮೊಣಕಾಲು ತಾಗುವಲ್ಲಿ ಒಂದು ಬಾಯಿ ಇರುತ್ತದೆ. ಅದಕ್ಕೆ ಸಿಕ್ಕಿಸಿದರೆ ಕಾರು ತನ್ನೊಳಗೆ ಬರೆದಿಟ್ಟುಕೊಂಡ ದೂರುಗಳೆಲ್ಲ ಫೋನಿನ ಪರದೆಗೆ ಬರುತ್ತವೆ. ಇಲ್ಲಿರುವ ನಮ್ಮ ಕಡೆಯ ಹತ್ತು ಹನ್ನೆರಡು ಮನೆಗಳಿಗೆ ಇದೊಂದೇ ಸ್ಕ್ಯಾನರ್. ಊರಿನಲ್ಲಿ ಇಡೀ ಕೇರಿಗೆ ಒಂದೇ ದೊಡ್ಡ ಇಡ್ಲಿ ಪಾತ್ರೆ ತಿರುಗುತ್ತಿತ್ತಲ್ಲ, ಹಾಗೆ. ಕೊಂಡವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ವಾಟ್ಸ್ಯಾಪ್ ಗುಂಪಿನಲ್ಲಿ ತಿಂಗಳಿಗೊಮ್ಮೆ ಯಾರಾದರೂ ಕೇಳುತ್ತಿದ್ದರು, "ಸ್ಕ್ಯಾನರ್ ಯಾರತ್ರ ಉಂಟು?" ಇನ್ನೊಬ್ಬರು ನನ್ನಲ್ಲಿ ಎಂದು ಹೆಬ್ಬೆರಳು ಎತ್ತುತ್ತಿದ್ದರು.

ಅದರಲ್ಲಿ ಎರಡು ಗುಂಡಿಗಳು: ಒಂದು ಓದುವುದಕ್ಕೆ, ಒಂದು ಅಳಿಸುವುದಕ್ಕೆ. ನಮ್ಮವರು ಒತ್ತುತ್ತಿದ್ದದ್ದು ಎರಡನೆಯದನ್ನು ಮಾತ್ರ. ವರ್ಷದ ಪಾಸಿಂಗ್‌ಗೆ ಕಾರು ತೋರಿಸುವ ಮೊದಲು ಅಳಿಸುವುದು, ಮಾರುವ ಮೊದಲು ಅಳಿಸುವುದು. ಊರಿನಿಂದ ಅತ್ತೆ ಮಾವ ಬರುವ ಹಿಂದಿನ ದಿನ ಅಳಿಸಿಕೊಂಡವರೂ ಇದ್ದಾರೆ. ಕೊಳಾಯಿಯ ತುಂಡಿನ ಹಾಗೆ ಕಾಣುವ ಆ ಇಂಜಿನಿನ ಚಿತ್ರ ಮೀಟರಿನಲ್ಲಿ ಬೆಳಗುವುದೆಂದರೆ ನಮಗೆ ಒಂಥರಾ ಮರ್ಯಾದೆಯ ಪ್ರಶ್ನೆ, ಬೈಠಕ್ ಕೋಣೆಯಲ್ಲಿ ಒಗೆಯದ ಬಟ್ಟೆ ಬಿದ್ದ ಹಾಗೆ. ಅಳಿಸಿದರೆ ಕೆಲವು ದಿನ ದೀಪ ಇರುವುದಿಲ್ಲ. ಮತ್ತೆ ಬಂದರೆ ಮತ್ತೆ ಸ್ಕ್ಯಾನರ್.

ನಾನು ಅಷ್ಟೂ ಮಾಡಿದವಳಲ್ಲ. ನನ್ನ ಹಳೆಯ ಕಾರಿನಲ್ಲಿ ಆ ದೀಪ ಬಂದಾಗ ಅದರ ಮೇಲೆ ಒಂದು ದೊಡ್ಡ ಸ್ಟಿಕ್ಕರ್ ಬೊಟ್ಟು ಅಂಟಿಸಿಬಿಟ್ಟಿದ್ದೆ. ಲವೀನಾ ಅದನ್ನು ಕಂಡು, "ನಿನ್ನ ಕಾರಿಗೆ ಮದುವೆ ಯಾವಾಗ ಆಯ್ತು ಮಾರಾಯ್ತಿ, ನಮಗೆ ಊಟ ಹಾಕ್ಲೇ ಇಲ್ಲ" ಎಂದಿದ್ದಳು. ಲವೀನಾ ನರ್ಸು. ನನ್ನ ಶಾಲೆಯ ಹತ್ತಿರದ ಕ್ಲಿನಿಕ್ಕಿನಲ್ಲಿ ಕೆಲಸ, ನಮ್ಮಿಂದ ಎರಡು ಬೀದಿ ಆಚೆ ಮನೆ. ಒಂಬತ್ತು ವರ್ಷ ದಿನಾ ಬೆಳಿಗ್ಗೆ ನನ್ನ ಕಾರಿನಲ್ಲೇ ಹೋದವಳು.

ಕಾರಿನ ವಿಷಯ ಹೇಳುತ್ತ ಪಾತ್ರೆಯ ವಿಷಯಕ್ಕೆ ಹೋಗುತ್ತೇನೆ, ಬೇಸರ ಮಾಡಬೇಡಿ. ನಮ್ಮ ಮನೆಯಲ್ಲಿ ಒಬ್ಬರ ಪಾತ್ರೆ ತಂದರೆ ಬರಿದಾಗಿ ಹಿಂತಿರುಗಿಸುವ ಕ್ರಮ ಇರಲಿಲ್ಲ. ಏನೂ ಇಲ್ಲದ ದಿನ ಅಮ್ಮ ಒಂದು ಅಚ್ಚು ಬೆಲ್ಲವನ್ನೋ ಹಿತ್ತಿಲಿನ ನಾಲ್ಕು ದಂಟು ಹರಿವೆಯನ್ನೋ ಒಳಗಿಟ್ಟು ಕೊಡುತ್ತಿದ್ದಳು. ಅದಕ್ಕೆ ಮೊದಲು ತಳ ತಿಕ್ಕಬೇಕು. ತರುವಾಗಲೇ ಮಸಿ ಹಿಡಿದಿದ್ದರೂ ಸರಿ, ಕೊಡುವಾಗ ಇರಬಾರದು. ಅಣ್ಣ ನನಗೆ ತನ್ನ ಕಾರು ಕೊಟ್ಟದ್ದೂ ಹೀಗೆಯೇ. ಇಪ್ಪತ್ತೊಂದು ವರ್ಷ ಇಲ್ಲಿ ದುಡಿದು, ವೀಸಾ ರದ್ದು ಮಾಡಿಸಿ, ಕೊನೆಯ ವಾರ ನಮ್ಮ ಮನೆಯಲ್ಲೇ ಉಳಿದಿದ್ದ. ನನ್ನನ್ನು ಈ ದೇಶಕ್ಕೆ ಕರೆಸಿದವನು ಅವನು, ಡ್ರೈವಿಂಗ್ ಕಲಿಸಿದವನೂ ಅವನು. ಹೊರಡುವ ಶುಕ್ರವಾರ ಬೆಳಿಗ್ಗೆ ಕಾರನ್ನು ತೊಳೆಸಿ, ಟ್ಯಾಂಕ್ ತುಂಬಿಸಿ, ಒಳಗೆ ಒಂದು ಹೊಸ ಟಿಶ್ಯೂ ಪೆಟ್ಟಿಗೆ ಇಟ್ಟು ತಂದ. "ನಿನ್ನ ಆ ಡಬ್ಬ ಕಾರು ಮಾರು. ಇದು ನನ್ನನ್ನು ಯಾವತ್ತೂ ದಾರಿಯಲ್ಲಿ ಬಿಡ್ಲಿಲ್ಲ" ಎಂದ. ಹೀಗೆ ಅಂದನೆಂದೇ ನನ್ನ ನೆನಪು. ಅಣ್ಣ ತಂಗಿ ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತರುವಾಗ ಮಾತು ಸ್ವಲ್ಪ ಆಚೀಚೆ ಆಗಿರುತ್ತದೆ. "ಯಾವತ್ತೂ" ಎಂಬ ಶಬ್ದ ಇತ್ತೋ ಇಲ್ಲವೋ ಎಂದು ಈಗ ಪ್ರಮಾಣ ಮಾಡಲಾರೆ. ಆ ಒಂದು ಶಬ್ದಕ್ಕಾಗಿ ಎಷ್ಟು ಹೊರಳಾಡಿದ್ದೇನೆಂದು ಮಾತ್ರ ಗೊತ್ತು.

ಈಗ ಥರ್ಮಾಮೀಟರು. ನಾನಾಗ ಐದನೆಯ ತರಗತಿ, ಅಣ್ಣ ಎಂಟನೆಯದು. ಶಾಲೆಯ ವಾರ್ಷಿಕೋತ್ಸವದ ನಾಟಕದಲ್ಲಿ ನಾನು ದ್ವಾರಪಾಲಕ. ಮಾತು ಒಂದೇ, "ಅಪ್ಪಣೆ ಪ್ರಭು." ಅದನ್ನು ಹದಿನೈದು ದಿನ ಬಾವಿಕಟ್ಟೆಯ ಮೇಲೆ ನಿಂತು ಅಭ್ಯಾಸ ಮಾಡಿದ್ದೆ. ನಾಟಕದ ದಿನ ಮೈ ಬಿಸಿ. ಅಮ್ಮ ನನ್ನ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು, ಒಲೆಯ ಮೇಲಿನ ಅನ್ನ ಇಳಿಸಿ ಬರುತ್ತೇನೆಂದು ಒಳಗೆ ಹೋದಳು. ಅಣ್ಣ ಬಂದು ಅದನ್ನು ಎಳೆದು, ಬೆಳಕಿಗೆ ಹಿಡಿದು ನೋಡಿ, ಎರಡು ಸಲ ಜೋರಾಗಿ ಕೊಡವಿ, ಪುನಃ ನನ್ನ ಕಂಕುಳಿಗೆ ಸಿಕ್ಕಿಸಿದ. "ಮಾತಾಡ್ಬೇಡ" ಎಂದ. ಅಮ್ಮ ಬಂದು ನೋಡಿ ಹೋಗು ಎಂದಳು. ಹೋದೆ. ಪ್ರಭುವಿನ ಅಪ್ಪಣೆಯೂ ಆಯಿತು. ಆಮೇಲೆ ಮೂರು ವಾರ ಟೈಫಾಯ್ಡ್, ತಲೆಗೂದಲೆಲ್ಲ ಉದುರಿತು. ಆ ಮೂರು ವಾರವೂ ಗಂಜಿತಿಳಿ ಕುಡಿಸಿದವನು ಅಣ್ಣ. ಕೊಡವಿದ ವಿಷಯವನ್ನು ನಾವಿಬ್ಬರೂ ಅಮ್ಮನಿಗೆ ಹೇಳಲೇ ಇಲ್ಲ.

ಅವನು ಕೊಡವಿದ ಎಂದರೆ ಅದು ಪ್ರೀತಿಯ ಕತೆ. ನಾನೇ ಕೊಡವಿದೆ ಎಂದರೆ ಹಟದ ಕತೆ. ಮೊದಲನೆಯದನ್ನು ಹೇಳುವುದು ನನಗೆ ಹಿತ. ಹಿತವಾದ ನೆನಪನ್ನು ನಂಬಬಾರದು ಎಂದು ಪಾಠ ಮಾಡುವವಳೂ ನಾನೇ.

ಅಣ್ಣ ಹೋಗಿ ಎರಡು ದಿನಕ್ಕೆ ಭಾನುವಾರ, ಇಲ್ಲಿ ವಾರದ ಮೊದಲ ಕೆಲಸದ ದಿನ. ಮೇ ತಿಂಗಳು, ಬೆಳಿಗ್ಗೆ ಏಳಕ್ಕೆಲ್ಲ ಸ್ಟಿಯರಿಂಗ್ ಮುಟ್ಟಲಾಗದಷ್ಟು ಸುಡುವ ಕಾಲ. ಶಾಲೆಯಲ್ಲಿ ವಸ್ತುಪ್ರದರ್ಶನ ಇತ್ತು. ಮಕ್ಕಳು ಮಾಡಿದ ಥರ್ಮೋಕೋಲಿನ ಕೋಟೆಯೊಂದನ್ನು ಮುಂದಿನ ಸೀಟಿನಲ್ಲಿಟ್ಟು ಬೆಲ್ಟ್ ಹಾಕಿದ್ದೆ. ಲವೀನಾ ಬಾಗಿಲು ತೆಗೆದು ನಿಂತಳು.

"ಇದೆಂತ, ನನ್ನ ಸೀಟಲ್ಲಿ ಕೋಟೆ?"

"ಹಿಂದೆ ಇಟ್ರೆ ಉರುಳ್ತದೆ ಮಾರಾಯ್ತಿ. ಬುರುಜು ಮುರಿದ್ರೆ ಆ ಮಕ್ಕಳು ನನ್ನನ್ನು ಬಿಡುದಿಲ್ಲ."

"ಆಯ್ತು ಟೀಚರಮ್ಮ. ಇವತ್ತು ನಾನು ಹಿಂದೆ ಮೇಡಮ್ಮನ ಹಾಗೆ ಕೂತ್ಕೊಳ್ತೇನೆ. ನೀನು ಡ್ರೈವರ್."

ಒಂಬತ್ತನೆಯದೋ ಏಳನೆಯದೋ ರೌಂಡಬೌಟು ದಾಟಿ ವೇಗ ಏರುವಾಗ ದೀಪ ಹತ್ತಿತು.

"ಲವೀನಾ, ಲೈಟ್ ಬಂತು."

"ಯಾವ ಲೈಟು?"

"ಇಂಜಿನ್‌ದು."

"ಖಲ್ಲಿವಲ್ಲಿ. ಬ್ಯಾಗಲ್ಲಿ ಬೊಟ್ಟು ಉಂಟಾ?"

ಇಬ್ಬರೂ ನಕ್ಕೆವು. ಹೋದರೆ ಹೋಗಲಿ ಎನ್ನುವುದಕ್ಕೆ ಈ ದೇಶದಲ್ಲಿ ಎಲ್ಲರೂ ಬಳಸುವ ಆ ಮಾತನ್ನು ಅವಳು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಅವಳನ್ನು ದೂರುವುದಕ್ಕಾಗಿ ಇದನ್ನು ಬರೆದದ್ದಲ್ಲ. ಚಕ್ರ ನನ್ನ ಕೈಯಲ್ಲಿತ್ತು. ದೀಪ ಸುಮ್ಮನೆ ಉರಿಯುತ್ತಿತ್ತೋ ಮಿಟುಕುತ್ತಿತ್ತೋ ಎಂದು ಆಮೇಲೆ ಎಲ್ಲರೂ ಕೇಳಿದರು. ಅದನ್ನು ನೋಡಬೇಕು ಎಂದೇ ನನಗೆ ಗೊತ್ತಿರಲಿಲ್ಲ.

ಹೈವೇಯ ನಡುವಿನ ಸಾಲಿನಲ್ಲಿ ಇದ್ದಕ್ಕಿದ್ದಂತೆ ಶಬ್ದ ನಿಂತಿತು. ಮೊದಲು ಅರಿವಿಗೆ ಬಂದದ್ದು ಅದು, ಮೌನ. ಆಮೇಲೆ ಸ್ಟಿಯರಿಂಗ್ ಕಲ್ಲಿನಂತೆ ಬಿಗಿಯಿತು. ಹಜಾರ್ಡ್ ದೀಪ ಹಾಕಿದೆ ಎಂದು ಪೊಲೀಸರಿಗೆ ಹೇಳಿದ್ದೇನೆ. ಹಾಕಿರಬೇಕು. ಹಿಂದಿನಿಂದ ಬಂದ ಪಿಕಪ್ ಬಲಗಡೆಯ ಮೂಲೆಗೆ, ಲವೀನಾ ಕೂತಿದ್ದ ಬದಿಗೇ ಹೊಡೆಯಿತು. ಅದನ್ನು ಓಡಿಸುತ್ತಿದ್ದವನು ರಸ್ತೆಯಂಚಿನ ಕಬ್ಬಿಣದ ಬೇಲಿಗೆ ಒರಗಿ ಕೂತು, "ಬಾಜೀ, ಗಾಡಿ ಐಸೇ ಕೈಸೇ ರುಕ್ ಗಯೀ?" ಎಂದು, ಗಾಡಿ ಹೀಗೆ ಹೇಗೆ ನಿಂತುಹೋಯಿತು ಅಕ್ಕಾ ಎಂಬ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದ. ಹಿಂದಿನಿಂದ ಹೊಡೆದವನದೇ ತಪ್ಪು ಎಂದು ಪೊಲೀಸರ ಕಾಗದದಲ್ಲಿ ಬಂತು. ಆ ಕಾಗದ ನನ್ನಲ್ಲಿದೆ. ಅದರ ಪ್ರಕಾರ ನಾನು ನಿರಪರಾಧಿ. ಥರ್ಮೋಕೋಲಿನ ಕೋಟೆಗೆ ಒಂದು ಗೀರೂ ಬಿದ್ದಿರಲಿಲ್ಲ.

ಲವೀನಾ ಉಳಿದಳು. ಕುತ್ತಿಗೆಯಿಂದ ಬಲಗೈಗೆ ಇಳಿಯುವ ನರಗಳು ಎಳೆದುಹೋಗಿದ್ದವು. ಅವಳ ಬಲಗೈ ಎಂದರೆ ಏನೆಂದು ಹೇಳಬೇಕು. ಬಿಸಿಲಿನಲ್ಲಿ ಬತ್ತಿ ಬಂದ ಕೂಲಿಯವರು, ಹಾಲು ಬಿಟ್ಟ ಎಳೆಗೂಸುಗಳು, ಯಾರಿಗೆ ಡ್ರಿಪ್ ಹಾಕಲು ರಕ್ತನಾಳ ಸಿಗದಿದ್ದರೂ ಕ್ಲಿನಿಕ್ಕಿನಲ್ಲಿ ಅವಳನ್ನು ಕರೆಯುತ್ತಿದ್ದರು. ಅವಳು ಕಣ್ಣಿನಿಂದ ಹುಡುಕುತ್ತಿರಲಿಲ್ಲ. ಬೆರಳ ತುದಿಯಿಂದ ಹುಡುಕುತ್ತಿದ್ದಳು. ಈಗ ಆ ಬೆರಳಿಗೆ ಬಿಸಿ ತಣ್ಣಗೆ ಗೊತ್ತಾಗುವುದಿಲ್ಲ. ಐದು ತಿಂಗಳು ಕಾದು ನೋಡಿದರು. ಆಮೇಲೆ ಕೆಲಸ ಹೋಯಿತು, ಕೆಲಸದ ಬೆನ್ನಿಗೆ ವೀಸಾ. ಗಂಡ ಇಲ್ಲೇ ಉಳಿದ. ಅವಳು ಊರಿಗೆ, ಕಿನ್ನಿಗೋಳಿಗೆ ಹೋದಳು. ಫೋನಿನಲ್ಲಿ ಟೈಪ್ ಮಾಡಲಾಗುವುದಿಲ್ಲವೆಂದು ಧ್ವನಿಯಲ್ಲೇ ಸಂದೇಶ ಕಳಿಸುತ್ತಾಳೆ. "ಎಡಗೈಯಲ್ಲಿ ಶಿಲುಬೆ ಗುರುತು ಹಾಕ್ತಿದ್ದೇನೆ ಟೀಚರಮ್ಮ, ದೇವರಿಗೆ ಉಲ್ಟಾ ಕಾಣ್ತದೋ ಎಂತದೋ" ಎಂದು ಮೊನ್ನೆ ನಕ್ಕಳು.

ಅಪಘಾತದ ಎರಡು ವಾರಕ್ಕೆ ಟುಬ್ಲಿಯ ಗ್ಯಾರೇಜಿನಿಂದ ಹಮೀದ್ ಭಾಯಿ ಫೋನು ಮಾಡಿದರು. ಉಳ್ಳಾಲದ ಕಡೆಯವರು, ಅಣ್ಣನ ಕಾರನ್ನೂ ನನ್ನ ಕಾರನ್ನೂ ವರ್ಷಗಳಿಂದ ನೋಡಿದವರು. ಕಾರು ರಿಪೇರಿಗೆ ಯೋಗ್ಯವಲ್ಲ ಎಂದು ತೀರ್ಮಾನವಾಗಿದೆ, ಒಳಗಿರುವ ಸಾಮಾನು ತೆಗೆದುಕೊಂಡು ಹೋಗಿ ಎಂದರು. ಹೋದೆ. ಟಿಶ್ಯೂ ಪೆಟ್ಟಿಗೆ ಇನ್ನೂ ಅರ್ಧಕ್ಕಿಂತ ಹೆಚ್ಚು ತುಂಬಿತ್ತು.

"ಟೀಚರ್, ಒಂದು ಮಾತು. ಈ ಲೈಟು ಮೊದ್ಲು ಬರ್ತಿತ್ತಾ?"

"ನನಗೆ ಗೊತ್ತಿಲ್ಲ. ಅಣ್ಣನ ಗಾಡಿಯಲ್ವಾ, ನನ್ನ ಕೈಗೆ ಬಂದು ಎರಡೇ ದಿವಸ."

"ಗೊತ್ತುಂಟು. ಯಾರೋ ಅಳಿಸಿದ್ದಾರೆ, ಅದಕ್ಕೆ ಕೇಳಿದ್ದು."

ಅವರ ಸ್ಕ್ಯಾನರ್ ದೊಡ್ಡದು, ಸ್ಲೇಟಿನಷ್ಟು. ಅಂದು ಮೊದಲ ಸಲ ನಾನು ಕೇಳಿದೆ, ಈ ದೀಪ ಯಾತಕ್ಕೆ ಬರುತ್ತದೆ ಎಂದು. ಹದಿನಾಲ್ಕು ವರ್ಷ ಕಾರು ಓಡಿಸಿದ ಮೇಲೆ.

"ಯಾತಕ್ಕೂ ಬರ್ಬಹುದು. ಪೆಟ್ರೋಲ್ ಹಾಕಿಸಿ ಮುಚ್ಚಳ ಸರಿ ತಿರುಗಿಸದಿದ್ರೆ ಬರ್ತದೆ. ಹೊಗೆ ನೋಡುವ ಸೆನ್ಸರ್ ಹಾಳಾದ್ರೆ ಬರ್ತದೆ, ಅದ್ರಲ್ಲಿ ಕೆಲವರು ಆರು ತಿಂಗಳು ಓಡಿಸ್ತಾರೆ. ಪ್ಲಗ್ ಸರಿ ಹೊತ್ತದಿದ್ರೆ ಮಿಟುಕ್ತದೆ, ಆಗ ಗಾಡಿ ಬದಿಗೆ ಹಾಕ್ಲೇಬೇಕು. ಮತ್ತೆ ಇದು."

ಅಂಗೈಯಲ್ಲಿ ಹೆಬ್ಬೆರಳಿನಷ್ಟು ಉದ್ದದ ಕಪ್ಪು ಪ್ಲಾಸ್ಟಿಕ್ ತುಂಡು.

"ಇಂಜಿನ್ ತಿರುಗ್ತಾ ಉಂಟು ಅಂತ ಕಂಪ್ಯೂಟರಿಗೆ ಹೇಳುದು ಇದು. ಹಳೇದಾಗಿದೆ, ಬಿಸಿ ಏರಿದ್ರೆ ಮಾತು ನಿಲ್ಲಿಸ್ತದೆ. ಆಗ ಕಂಪ್ಯೂಟರ್ ಎಂತ ತಿಳ್ಕೊಳ್ತದೆ? ಇಂಜಿನ್ ನಿಂತಿದೆ ಅಂತ. ಪೆಟ್ರೋಲ್ ಬಂದ್. ಅರ್ಧ ಗಂಟೆ ತಣ್ಣಗಾಗ್ಲಿ, ಪುನಃ ಸ್ಟಾರ್ಟ್. ಎಂತದೂ ಆಗದ ಹಾಗೆ."

"ಮುಚ್ಚಳಕ್ಕೂ ಇದಕ್ಕೂ ಒಂದೇ ಲೈಟಾ?"

"ಒಂದೇ. ಅದಕ್ಕೇ ಓದ್ಬೇಕು ಅಂತ ಹೇಳುದು. ಲೈಟು ಬರುದು ಹೆದರಿಸ್ಲಿಕ್ಕಲ್ಲ ಟೀಚರ್. ಒಳಗೆ ಬರೆದಿಟ್ಟಿದ್ದೇನೆ, ಯಾರಾದ್ರೂ ಓದಿ ಅಂತ. ನಮ್ಮವರು ಓದುದಿಲ್ಲ, ಅಳಿಸ್ತಾರೆ."

ಪರದೆಯನ್ನು ನನ್ನತ್ತ ತಿರುಗಿಸಿದರು. ತಪ್ಪು ಸಂಭವಿಸಿದ ಕ್ಷಣವನ್ನು ಕಾರು ಚಿತ್ರ ತೆಗೆದ ಹಾಗೆ ಹಿಡಿದಿಟ್ಟುಕೊಂಡಿತ್ತು. ವೇಗ ಎಂಬತ್ತಮೂರು. ಇಂಜಿನಿನ ಬಿಸಿ ತೊಂಬತ್ತೇಳು. ರೌಂಡಬೌಟು ಏಳನೆಯದೋ ಒಂಬತ್ತನೆಯದೋ ಎಂಬ ನನ್ನ ಗೊಂದಲ ಅದಕ್ಕಿರಲಿಲ್ಲ. ಅದರ ಕೆಳಗೆ ಇನ್ನೊಂದು ಸಾಲು: ಅಳಿಸಿದ ಮೇಲೆ ಓಡಿದ ದೂರ, ತೊಂಬತ್ತನಾಲ್ಕು ಕಿಲೋಮೀಟರ್.

"ಅಳಿಸಿದ್ರೆ ಹಳೇದೆಲ್ಲ ಹೋಗ್ತದೆ," ಎಂದರು ಹಮೀದ್ ಭಾಯಿ. "ಅಳಿಸಿದ್ದಾರೆ ಅನ್ನುದು ಮಾತ್ರ ಹೋಗುದಿಲ್ಲ."

"ಇದು ಮೊದ್ಲೂ ಹೀಗೆ ನಿಂತಿರ್ಬಹುದಾ?"

"ಈ ಪಾರ್ಟು ಒಂದೇ ಸಲಕ್ಕೆ ಹೋಗುದು ಕಡಿಮೆ. ಹೆಚ್ಚಾಗಿ ಒಂದೆರಡು ಸಲ ನಿಂತಿರ್ತದೆ."

"ಹೆಚ್ಚಾಗಿ ಅಂದ್ರೆ?"

"ಹೆಚ್ಚಾಗಿ ಅಂದ್ರೆ ಹೆಚ್ಚಾಗಿ. ಆ ಗಾಡಿಯಲ್ಲಿ ನಾನು ಕೂತಿರ್ಲಿಲ್ಲ ಟೀಚರ್."

ಮನೆಗೆ ಬಂದು ಮಕ್ಕಳ ಲೆಕ್ಕದ ಹಾಗೆ ಕೊನೆಯಿಂದ ಹಿಂದಕ್ಕೆ ಕೂಡಿಸಿದೆ. ಭಾನುವಾರ ಮನೆಯಿಂದ ಹೈವೇಯ ಆ ಜಾಗಕ್ಕೆ ಹದಿನೆಂಟು. ಶನಿವಾರ ಕಾರು ಹೊರಗೆ ತೆಗೆದಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಅಣ್ಣನನ್ನು ಏರ್‌ಪೋರ್ಟಿಗೆ ಬಿಟ್ಟು ಬಂದದ್ದು, ಹೋಗಿ ಬಂದು ಅರವತ್ತನಾಲ್ಕು. ಉಳಿದದ್ದು ಹನ್ನೆರಡು, ಅಂದರೆ ಅದೇ ಬೆಳಿಗ್ಗೆ ಕಾರು ತೊಳೆಸಿ ಪೆಟ್ರೋಲ್ ತುಂಬಿಸಲು ಅವನು ಹೋಗಿ ಬಂದ ದೂರ. ಅಳಿಸಿದ್ದು ನಮ್ಮ ಮನೆಯ ಕೆಳಗೆ, ಕಾರು ನಿಂತ ಜಾಗದಲ್ಲೇ. ನಾನು ಮೇಲೆ ಅವನಿಗೆ ದಾರಿಗೆಂದು ಚಪಾತಿ ಲಟ್ಟಿಸುತ್ತಿದ್ದಿರಬೇಕು.

ಸಿಟ್ಟು ಬಂತು. ಅಣ್ಣ ಯಾರಿಂದ ಸ್ಕ್ಯಾನರ್ ತಂದ ಎಂದು ಪತ್ತೆ ಮಾಡಿ, ಸಾಕ್ಷಿ ಇಟ್ಟುಕೊಂಡೇ ಕೇಳಬೇಕೆಂದು ಗುಂಪಿನ ಹಳೆಯ ಸಂದೇಶಗಳನ್ನು ತಿರುವಿದೆ. ಆ ಗುರುವಾರದ್ದು ಸಿಕ್ಕಿತು.

"ಅಣ್ಣನಿಗೆ ಸ್ಕ್ಯಾನರ್ ಬೇಕಿತ್ತು. ಯಾರತ್ರ ಉಂಟು?"

ಕೇಳಿದವಳು ನಾನು. ಕೆಳಗೆ ಲವೀನಾಳ ಉತ್ತರ. "ನಮ್ಮಲ್ಲಿ. ಸಂಜೆ ಬಾ, ನೀರುದೋಸೆ ಮಾಡ್ತೇನೆ."

ಎದ್ದು ಡೈರಿ ತೆಗೆದೆ. ಆ ಗುರುವಾರ ಒಂದೇ ಸಾಲು ಬರೆದಿದ್ದೆ: "ಸಂಜೆ ಲವೀನಾ ಮನೆ. ನೀರುದೋಸೆ, ಕಾಯಿಬೆಲ್ಲ. ಎಂಟು ತಿಂದೆ, ನಾಚಿಕೆಗೇಡು." ದೋಸೆಯ ಎಣಿಕೆ ಇದೆ. ಏನನ್ನು ತರಲು ಹೋಗಿದ್ದೆ ಎಂಬುದಿಲ್ಲ. ಸ್ಕ್ಯಾನರನ್ನು ಅವಳು ಬಲಗೈಯಲ್ಲೇ ಕೊಟ್ಟಿರುತ್ತಾಳೆ; ಎಡಗೈಯಲ್ಲಿ ಕೊಡುವವಳಲ್ಲ. ನಾನು ಅದನ್ನು ತಂದು ಅಣ್ಣನ ಕೈಗಿಟ್ಟಿದ್ದೇನೆ. ಯಾಕೆ ಎಂದು ಕೇಳಿದೆನೇ, ದೀಪ ಇದೆ ಎಂದು ಅವನು ಹೇಳಿದನೇ, ನಾನು "ಅಳಿಸು, ಖಲ್ಲಿವಲ್ಲಿ" ಎಂದೆನೇ? ಒಂದೂ ನೆನಪಿಲ್ಲ. ಯಾರೋ ಒಳಗೆ ಕೂತು ಎರಡನೆಯ ಗುಂಡಿ ಒತ್ತಿದ ಹಾಗೆ.

ಹಾಗಾಗಿ ಅಳಿಸಿದ್ದು ಯಾರು ಎಂಬುದು ಈಗ ಪ್ರಶ್ನೆಯಲ್ಲ. ಅದರಲ್ಲಿ ಅಣ್ಣನಿದ್ದಾನೆ, ನಾನಿದ್ದೇನೆ, ಏನೂ ಅರಿಯದೆ ಲವೀನಾಳೂ ಇದ್ದಾಳೆ. ಪಾತ್ರೆಯ ಮಸಿ ತಿಕ್ಕಿ ಕೊಟ್ಟ ಹಾಗೆ ಅವನು ದೀಪ ಆರಿಸಿ ಕೊಟ್ಟಿದ್ದರೆ ಅದನ್ನು ಹೇಗೋ ಸಹಿಸಬಲ್ಲೆ. ನಮ್ಮೆಲ್ಲರ ದಡ್ಡತನ ಅದು. ಆದರೆ ಹಮೀದ್ ಭಾಯಿಯ ಆ "ಹೆಚ್ಚಾಗಿ" ಇದೆಯಲ್ಲ. ಕಾರು ಒಮ್ಮೆ ನಿಂತದ್ದನ್ನು ಕಂಡೂ ಅವನು ಕೀಲಿ ಕೊಟ್ಟನೇ? ಅದೊಂದು ಗೊತ್ತಾಗಬೇಕು. ಗೊತ್ತಾದರೆ ಲವೀನಾಳಿಗೆ ಏನು ಹೇಳಬೇಕೆಂದೂ ಗೊತ್ತಾದೀತು. ಈವರೆಗೆ ಅವಳಿಗೆ ತೊಂಬತ್ತನಾಲ್ಕು ಕಿಲೋಮೀಟರಿನ ವಿಷಯ ಹೇಳಿಲ್ಲ. ಅವಳು ಕೇಳಿಯೂ ಇಲ್ಲ.

ಅಣ್ಣ ಈಗ ಉಡುಪಿಯಲ್ಲಿದ್ದಾನೆ. ಪ್ರತಿ ಶುಕ್ರವಾರ ನಮ್ಮ ತಿಂಡಿಯ ಹೊತ್ತಿಗೆ ಫೋನು ಮಾಡುತ್ತಾನೆ. ಅಪಘಾತದ ಸುದ್ದಿ ಕೇಳಿದ ದಿನ "ನಿನಗೇನೂ ಆಗ್ಲಿಲ್ಲವಲ್ಲ" ಎಂದಿದ್ದ. ಕಳೆದ ತಿಂಗಳ ಒಂದು ಶುಕ್ರವಾರ ಧೈರ್ಯ ಮಾಡಿ ಕೇಳಿದೆ. ಆ ಕಡೆ ಕುಕ್ಕರ್ ಎರಡು ಸಲ ಕೂಗಿತು. ಆಮೇಲೆ ಅವನು, "ಲವೀನಾ ಹೇಗಿದ್ದಾಳೆ?" ಎಂದ. ಹಾಗೇ ಇದ್ದಾಳೆ ಎಂದೆ. "ನಿನ್ನ ಅತ್ತಿಗೆ ಕರೀತಿದ್ದಾಳೆ" ಎಂದು ಇಟ್ಟ.

ಮುಂದಿನ ವಾರ ಲವೀನಾಳ ಧ್ವನಿ ಸಂದೇಶ ಬಂತು. "ಟೀಚರಮ್ಮ, ನಿನ್ನ ಅಣ್ಣ ಬಂದಿದ್ರು ಮಾರಾಯ್ತಿ. ಒಂದು ಗೊನೆ ಬಾಳೆಹಣ್ಣು ಹೊತ್ಕೊಂಡು, ಎರಡು ಬಸ್ಸು ಬದಲಾಯಿಸಿ. ನನ್ನ ಕೈ ನೋಡ್ತಾ ಕೂತಿದ್ರು. ಕಾರು ಓಡಿಸುದು ಬಿಟ್ಟಿದ್ದಾರಂತೆ, ಹೌದಾ? ಯಾಕೆ?"

ಅವಳಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಅಣ್ಣ ಕಾರು ಬಿಟ್ಟದ್ದು ನನ್ನ ಪ್ರಶ್ನೆಗೆ ಉತ್ತರವಲ್ಲ ಎಂದು ನನಗೆ ನಾನೇ ಪಾಠ ಮಾಡಿಕೊಳ್ಳುತ್ತೇನೆ. ತಿಳಿದು ಮಾಡಿದವನೂ ಕಾರು ಬಿಟ್ಟಾನು, ತಿಳಿಯದೆ ಮಾಡಿದವನೂ ಬಿಟ್ಟಾನು. ಅಣ್ಣ ಅಂದು ಡ್ರಾಯರಿನಲ್ಲಿ ಇಟ್ಟುಹೋದ ಸ್ಕ್ಯಾನರನ್ನು ಲವೀನಾಳ ಮನೆಗೆ, ಅವಳ ಗಂಡನಿಗೆ ಹಿಂತಿರುಗಿಸಬೇಕು. ಗುಂಪಿನಲ್ಲಿ ಮೊನ್ನೆ ಯಾರೋ ಯಾರತ್ರ ಉಂಟು ಎಂದು ಕೇಳಿದ್ದಾರೆ. ನಾನು ಹೆಬ್ಬೆರಳು ಎತ್ತಲಿಲ್ಲ. ಬರಿದಾಗಿ ಕೊಡುವ ಕ್ರಮ ಇಲ್ಲ. ಜೊತೆಗೆ ಏನಿಟ್ಟು ಕೊಡಬೇಕೋ ತಿಳಿಯದೆ ಪುನಃ ಡ್ರಾಯರಿನಲ್ಲೇ ಇಟ್ಟಿದ್ದೇನೆ.

ಶುಕ್ರವಾರಗಳು ಮತ್ತೆ ಬರುತ್ತಿವೆ. ಅಣ್ಣ ತಪ್ಪದೆ ಫೋನು ಮಾಡುತ್ತಾನೆ. ನೀರಿನ ತಾಪತ್ರಯ, ಮೀನಿನ ಕ್ರಯ, ಅತ್ತಿಗೆಯ ಮಂಡಿನೋವು ಎಲ್ಲ ಹೇಳುತ್ತಾನೆ. ಕಳೆದ ತಿಂಗಳ ಆ ಶುಕ್ರವಾರ ನಾನು ಕೇಳಿದ್ದು ಒಂದೇ ಮಾತು. ಇದನ್ನು ಮಾತ್ರ ಫೋನು ಇಟ್ಟ ಕೂಡಲೇ ಡೈರಿಯಲ್ಲಿ ಬರೆದುಕೊಂಡೆ. ಆದ್ದರಿಂದ ಇದರಲ್ಲಿ ತಪ್ಪಿರಲಾರದು:

"ಅಣ್ಣ, ಆ ಕಾರು ನಿನ್ನ ಕೈಯಲ್ಲಿ ಯಾವತ್ತಾದರೂ ಹೀಗೆ ನಿಂತಿತ್ತಾ?"